ಗಾಳಕ್ಕೆ ಬಿದ್ದ ಮೀನು: ಸಾರಿಗೋ, ನೀರಿಗೋ?

ಹೊಸಹಳ್ಳಿ (ಬೆಂಗಳೂರು): ಗಾಳ ಹಾಕಿ ಹಿಡಿದ ಮೀನನ್ನು ಮನೆಗೆ ತಂದು ಸಾರು ಮಾಡಬೇಕೋ ಅಥವಾ ಮತ್ತೆ ನೀರಿಗೆ ಬಿಡಬೇಕೋ? ಹವ್ಯಾಸಿ ಗಾಳಗಾರರ ನಡುವೆ ಜಗತ್ತಿನಾದ್ಯಂತ ನಡೆಯುತ್ತಿರುವ ಈ ಚರ್ಚೆ ಹೊಸಹಳ್ಳಿ, ವಿಜಯನಗರ, ರಾಜಾಜಿನಗರಗಳ ನಿವಾಸಿಗಳಿಗೆ ದೂರದ ಮಾತೆಂದು ತೋರಬಹುದು. ಆದರೆ ಈ ಬಡಾವಣೆಗಳ ನಲ್ಲಿಗಳಿಗೆ ಬರುವ ನೀರು ಬಹುಪಾಲು ಶಿವನಸಮುದ್ರದ ಬಳಿ ಎತ್ತುವ ಕಾವೇರಿ ನೀರು. ಇಲ್ಲಿನ ಬಚ್ಚಲುಗಳಿಂದ ಹೊರಬೀಳುವ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಹರಿದು, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಕೂಡುತ್ತದೆ. ನೀರು ಪಡೆಯುವ ಜಾಗಕ್ಕೂ ಕೊಳಚೆ ಮರಳಿಸುವ ಜಾಗಕ್ಕೂ ನಡುವೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳ ಹೊಳೆಯಿದೆ. ಈ ಪ್ರಶ್ನೆಗೆ ಕರ್ನಾಟಕದಲ್ಲಿ ನಿಜವಾದ ಬೆಲೆ ತೆತ್ತಿರುವುದು ಅದೇ ಹೊಳೆಯ ಮಹಶೀರ್ ಮೀನು.

ಕಾವೇರಿಯ ಗೂನುಬೆನ್ನಿನ ಮಹಶೀರ್ ಸಾಮಾನ್ಯ ಮೀನಲ್ಲ. ಹೊನ್ನಿನ ಬಣ್ಣದ ದೊಡ್ಡ ಹುರುಪೆ, ಕೆಂಪು ಛಾಯೆಯ ಈಜುರೆಕ್ಕೆ, ತಲೆಯ ಹಿಂದೆ ಎದ್ದು ಕಾಣುವ ಗೂನು ಇದರ ಗುರುತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಕ್ಕೆ ಬಿದ್ದ ಮಹಶೀರ್‌ಗಳಲ್ಲಿ ಇಂದಿಗೂ ಅದೇ ದಾಖಲೆ. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ತುಂಬಿ ನಿಲ್ಲಿಸುವುದು ಆ ಕುಟುಂಬದ ಕಸುಬು. ಅಂದಿನ ಗಾಳಗಾರನಿಗೆ ಮೀನೂ ಒಂದು ಬೇಟೆಯೇ ಆಗಿತ್ತು. ಬಿಟ್ಟುಬಿಡುವ ಪ್ರಶ್ನೆ ಏಳುತ್ತಿರಲಿಲ್ಲ.

ಮೀನು ಹಿಡಿಯುವ ವಿನೋದ ನಮಗೆ ಇಂಗ್ಲಿಷರು ಕಲಿಸಿದ್ದು ಎಂಬ ಭಾವನೆ ವ್ಯಾಪಕವಾಗಿದೆ. ಅದು ಪೂರ್ಣ ಸತ್ಯವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಪ್ರತ್ಯೇಕ ಭಾಗವಿದೆ. ಯಾವ ಮೀನಿಗೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬ ವಿವರಗಳು ಅಲ್ಲಿ ಬರುತ್ತವೆ. ಅದೇ ಗ್ರಂಥದ ಅನ್ನಭೋಗದ ಭಾಗದಲ್ಲಿ ಮೀನಿನ ಅಡುಗೆಯೂ ಇದೆ. ಅರಸನಿಗೆ ವಿನೋದ ಬೇರೆ, ಊಟ ಬೇರೆ ಆಗಿರಲಿಲ್ಲ ಎನ್ನಬೇಕು! ಮುಂದೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಗಾಳಗಾರರ ಕೈಪಿಡಿಯಾಯಿತು. ಮರಿಮೀನುಗಳನ್ನು ಸಣ್ಣ ಕಣ್ಣಿನ ಬಲೆಗಳು ಬಳಿದುಕೊಂಡು ಹೋಗುವ ಬಗ್ಗೆ ಅಷ್ಟು ಹಿಂದೆಯೇ ಎಚ್ಚರಿಸಿದವರು ಅವರು. ಹೊಳೆಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವಾಗಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ.

ಇನ್ನು, ಹಿಡಿಯುವುದಿರಲಿ, ಮುಟ್ಟಲೂ ಬಾರದ ಮೀನುಗಳೂ ನಮ್ಮಲ್ಲಿವೆ. ಶೃಂಗೇರಿಯ ತುಂಗಾ ತೀರದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ಭಕ್ತರು ಮಂಡಕ್ಕಿ ಎರಚುವ ದೇವರ ಮೀನುಗಳ ಸಾಲಿನಲ್ಲಿ ಮಹಶೀರ್‌ಗಳೂ ಸೇರಿವೆ. ಭಯಭಕ್ತಿಯಿಂದ ಉಳಿದುಬಂದ ಮೀನುಧಾಮಗಳಿವು.

ಬಿಡುವುದೇ ಉದ್ಯೋಗವಾದಾಗ

ಸ್ವಾತಂತ್ರ್ಯಾನಂತರ ಕಾವೇರಿಯ ದೊಡ್ಡ ಮಹಶೀರ್‌ಗಳು ಮುಗಿದೇಹೋದವು ಎಂದು ಹೊರಗಿನ ಗಾಳಗಾರರು ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ತಂಡವೊಂದು ಇಲ್ಲಿ ಭಾರೀ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಭೀಮೇಶ್ವರಿಯ ಹೆಸರು ವಿದೇಶಗಳಲ್ಲಿ ಹಬ್ಬಿತು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ (ವಾಸಿ) ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ನಿಯಮ ಒಂದೇ: ಹಿಡಿದ ಮಹಶೀರ್ ಅನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನೀರಿಗೆ ಬಿಡಬೇಕು. ಗಾಳಕ್ಕೆ ಕಟ್ಟುತ್ತಿದ್ದುದು ರಾಗಿ ಹಿಟ್ಟಿನ ಉಂಡೆ. ನಮ್ಮ ಊಟದ ಮುದ್ದೆಯೇ ಮೀನಿಗೂ ರುಚಿಸಿತು ಎಂಬುದು ವಿದೇಶಿ ಅತಿಥಿಗಳಿಗೆ ದೊಡ್ಡ ಸೋಜಿಗ.

ಈ ವ್ಯವಸ್ಥೆಯ ನಿಜವಾದ ಬಲ ಇದ್ದದ್ದು ದಡದಲ್ಲಿ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ, ಹೊಳೆಯ ಪ್ರತಿ ಮಡುವನ್ನೂ ಬಲ್ಲ ಸ್ಥಳೀಯರಿಗೇ ಮಾರ್ಗದರ್ಶಕರ, ಹರಿಗೋಲು ನಡೆಸುವವರ, ಕಾವಲುಗಾರರ ಕೆಲಸ ಸಿಕ್ಕಿತು. ಸಿಡಿಮದ್ದು ಎಸೆದರೆ ಒಂದು ಏಟಿಗೆ ಮಡುವಿನ ಸಣ್ಣ ದೊಡ್ಡ ಮೀನುಗಳೆಲ್ಲ ಸಾಯುತ್ತವೆ. ಅದರಲ್ಲಿ ತೇಲಿಬಂದಷ್ಟು ಮಾತ್ರ ಎಸೆದವನ ಪಾಲು. ಅದೇ ಮೀನು ಬದುಕಿದ್ದರೆ ವರ್ಷವರ್ಷವೂ ಅತಿಥಿಗಳನ್ನು ಕರೆತರುತ್ತದೆ. ಈ ಲೆಕ್ಕ ಹಳ್ಳಿಯವರಿಗೆ ಅರ್ಥವಾಗಲು ಯಾರ ಉಪದೇಶವೂ ಬೇಕಾಗಲಿಲ್ಲ.

ಆದರೂ ಇದರಲ್ಲೊಂದು ಅನ್ಯಾಯ ಅಡಗಿತ್ತೆಂಬುದನ್ನು ಮರೆಯಬಾರದು. ಅದೇ ದಡದ ಬಡವನೊಬ್ಬ ಹಸಿವಿಗೆಂದು ಮೀನು ಹಿಡಿದರೆ ಕಳ್ಳ. ಹಣ ಕೊಟ್ಟು ಬಂದವನು ಮೋಜಿಗೆಂದು ಹಿಡಿದರೆ ಅತಿಥಿ. ಒಬ್ಬನದು ಮೀನನ್ನು ಕೊಲ್ಲುತ್ತದೆ, ಇನ್ನೊಬ್ಬನದು ಕೊಲ್ಲುವುದಿಲ್ಲ ಎಂಬ ಉತ್ತರ ಸರಿಯೇ. ಆದರೆ ಹೊಳೆಯ ಮೇಲಿನ ಹಕ್ಕನ್ನು ಕಳೆದುಕೊಂಡವರು ಯಾರು, ಪಡೆದವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಕೆಲವರಿಗೆ ಸಂಬಳದ ಕೆಲಸ ಸಿಕ್ಕಿತೆಂಬುದಷ್ಟೇ ಸಮಾಧಾನ.

ಕಾನೂನು ಬಂದಿತು, ಕಾವಲು ಹೋಯಿತು

ಈ ಪ್ರದೇಶ 1987ರಲ್ಲಿ ಕಾವೇರಿ ವನ್ಯಜೀವಿಧಾಮವೆಂದು ಘೋಷಣೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಗೆ 2002ರ ತಿದ್ದುಪಡಿ ಮೀನನ್ನೂ ಸೇರಿಸಿತು. ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಹಾಗಾಗಿ ಧಾಮದೊಳಗೆ ಗಾಳ ಹಾಕಿ ಬಿಡುವುದೂ ಬೇಟೆ ಎಂಬ ಅರ್ಥವಿವರಣೆ ಬಂದು, 2012ರ ವೇಳೆಗೆ ಶಿಬಿರಗಳಲ್ಲಿ ಗಾಳ ಪೂರ್ಣವಾಗಿ ನಿಂತಿತು. ಶಿಬಿರಗಳು ಉಳಿದವು, ಗಾಳದ ಅತಿಥಿಗಳು ಹೋದರು.

ಅಕ್ಷರಶಃ ನೋಡಿದರೆ ಅರಣ್ಯ ಇಲಾಖೆಯ ನಿಲುವು ತಪ್ಪಲ್ಲ. ಧಾಮದಲ್ಲಿ ಜಿಂಕೆಯನ್ನು ಬಲೆಗೆ ಕೆಡವಿ, ಚಿತ್ರ ತೆಗೆಸಿಕೊಂಡು ಬಿಡುತ್ತೇವೆಂದರೆ ಯಾರೂ ಒಪ್ಪುವುದಿಲ್ಲ. ಮೀನಿಗೆ ಮಾತ್ರ ಬೇರೆ ನ್ಯಾಯವೇಕೆ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ಮೀನು ವಿಜ್ಞಾನಿಗಳಾದ ಆಡ್ರಿಯನ್ ಪಿಂಡರ್ ಮತ್ತು ರಾಜೀವ್ ರಾಘವನ್ 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಮುಖವನ್ನು ಮುಂದಿಟ್ಟರು. ಗಾಳದ ವರಮಾನದಿಂದ ನಡೆಯುತ್ತಿದ್ದ ಕಾವಲು ಇಲ್ಲದಾದರೆ ಸಿಡಿಮದ್ದಿನವರಿಗೆ ಹೊಳೆ ತೆರೆದಂತೆಯೇ ಎಂಬುದು ಅವರ ವಾದದ ತಿರುಳು. ಆನೆ, ಹುಲಿಗಳ ಗಣತಿಗೆ ಒಗ್ಗಿದ ಇಲಾಖೆಗೆ ನೀರಿನೊಳಗಿನ ಜೀವದ ಕಾವಲು ಎಂದೂ ಮೊದಲ ಆದ್ಯತೆಯಾಗಿರಲಿಲ್ಲ ಎಂಬುದು ಈ ವರದಿಗಾರನ ಅಭಿಪ್ರಾಯ.

ಲೆಕ್ಕದ ಪುಸ್ತಕ ಹೇಳಿದ ಕಥೆ

ಹಾಗೆಂದು ಗಾಳಗಾರರನ್ನು ಹೊಳೆಯ ರಕ್ಷಕರೆಂದು ಹಾರ ಹಾಕಿ ಮೆರೆಸುವಂತೆಯೂ ಇಲ್ಲ. ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳನ್ನು ಹಿಡಿದು ಬಿಡಲಾಗಿತ್ತು. ಅತ್ಯಂತ ಸಣ್ಣದು ಒಂದು ಪೌಂಡ್, ಅತ್ಯಂತ ದೊಡ್ಡದು 104 ಪೌಂಡ್. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಮರಿಗಳು ಬದುಕುತ್ತಿವೆ, ಕಾವಲು ಫಲ ಕೊಡುತ್ತಿದೆ ಎಂಬುದು ಇದರ ಒಂದು ಅರ್ಥ.

ಎರಡನೆಯ ಅರ್ಥ ಕಹಿಯಾದದ್ದು. ಹೆಚ್ಚಿದ್ದು ಬೆಳ್ಳಿಬಣ್ಣದ, ನೀಲಿ ಈಜುರೆಕ್ಕೆಯ ಮಹಶೀರ್; ಹೊನ್ನಿನ ಬಣ್ಣದ ಗೂನುಬೆನ್ನಿನದು ಕುಗ್ಗುತ್ತ ಬಂದಿತ್ತು. ಈ ನೀಲಿ ರೆಕ್ಕೆಯದು ಮೂಲತಃ ಕೃಷ್ಣಾ ಕಣಿವೆಯ ಮೀನು. ಟಾಟಾ ಸಂಸ್ಥೆಯ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ತಂದು ಕಾವೇರಿಗೆ ಬಿಡಲಾಗಿತ್ತು. ಮಹಶೀರ್ ಎಂದರೆ ಎಲ್ಲವೂ ಒಂದೇ ಎಂದು ತಿಳಿದಿದ್ದ ಕಾಲವದು. ಮೀನು ಹೆಚ್ಚಿತೆಂದು ಎಲ್ಲರೂ ಸಂತೋಷಪಡುತ್ತಿದ್ದಾಗ, ಮನೆಯೊಡೆಯನೇ ಮನೆಯಿಂದ ಮರೆಯಾಗುತ್ತಿದ್ದುದನ್ನು ಗಮನಿಸಿದವರು ಕಡಿಮೆ.

ಇಷ್ಟೆಲ್ಲ ಆಗುವಾಗ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ! ಕಾವೇರಿಯ ಉಪನದಿ ಪಾಂಬಾರಿನಿಂದ 2007ರಲ್ಲಿ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಪ್ರಭೇದವೇ ಇದು ಎಂದು ಖಚಿತವಾದದ್ದು 2018ರಲ್ಲಿ. ಹೆಸರು ಸಿಕ್ಕ ವರ್ಷವೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ‘ತೀವ್ರ ಅಳಿವಿನಂಚಿನಲ್ಲಿರುವ’ ಜೀವಿಗಳ ಕೆಂಪುಪಟ್ಟಿಗೆ ಸೇರಿಸಿತು. ಇದು ಕಾವೇರಿ ಕಣಿವೆಯನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು.

ಎಲ್ಲ ಮೀನಿಗೂ ಒಂದೇ ನ್ಯಾಯವಲ್ಲ

ಬಿಡುವುದು ಎಲ್ಲೆಡೆಯೂ ಪುಣ್ಯಕಾರ್ಯವಲ್ಲ ಎಂಬುದನ್ನು ಯುರೋಪ್ ನೋಡಿ ತಿಳಿಯಬಹುದು. ಸಕಾರಣವಿಲ್ಲದೆ ಪ್ರಾಣಿಗೆ ನೋವುಂಟುಮಾಡಬಾರದು ಎನ್ನುತ್ತದೆ ಜರ್ಮನಿಯ ಪ್ರಾಣಿರಕ್ಷಣಾ ಕಾನೂನು. ಊಟಕ್ಕೆಂದು ಹಿಡಿಯುವುದು ಸಕಾರಣ, ಬಿಡುವುದಕ್ಕೆಂದೇ ಹಿಡಿಯುವುದು ಕಾರಣವಲ್ಲ ಎಂಬುದು ಅಲ್ಲಿನ ನೋಟ. ಸ್ವಿಟ್ಜರ್ಲೆಂಡ್ ಕೂಡ ಬಿಡುವ ಉದ್ದೇಶದಿಂದಲೇ ಹಿಡಿಯುವುದನ್ನು 2009ರಿಂದ ನಿಷೇಧಿಸಿದೆ. ಕಾವೇರಿ ಶಿಬಿರದಲ್ಲಿ ನಿಯಮವಾಗಿದ್ದುದು ಅಲ್ಲಿ ಅಪರಾಧ.

ನಮ್ಮ ಊರಿನ ಕೆರೆಗಳ ಮಾತೇ ಬೇರೆ. ಅಲ್ಲಿ ಬೇರೂರಿರುವ ಜಿಲೇಬಿ ಮೀನು ಅಂದರೆ ತಿಲಾಪಿಯಾ 1950ರ ದಶಕದಲ್ಲಿ ಹೊರಗಿನಿಂದ ಬಂದದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದ್ದು ಎರಡು ದಶಕಗಳೇ ಕಳೆದಿದ್ದರೂ ಅದು ಹೊಲಸು ನೀರಿನಲ್ಲೂ ಬದುಕಿ, ಊರ ಮೀನುಗಳ ಮರಿಗಳನ್ನು ನುಂಗುತ್ತದೆ. ಇವು ಗಾಳಕ್ಕೆ ಬಿದ್ದರೆ ದಯೆ ತೋರಿ ಮತ್ತೆ ನೀರಿಗೆ ಬಿಡುವುದು ಕೆರೆಗೆ ಮಾಡುವ ಅಪಕಾರ. ಹಾಗೆಂದು ತಿನ್ನಬಹುದೇ? ಕಾರ್ಖಾನೆಗಳ ತ್ಯಾಜ್ಯ ಹೊತ್ತು ಸಾಗುವ ವೃಷಭಾವತಿ ಕಣಿವೆಯ ನೀರಿನ ಮೀನನ್ನು ಮಕ್ಕಳ ತಟ್ಟೆಗೆ ಬಡಿಸುವ ಮುನ್ನ ಯಾರಾದರೂ ಎರಡು ಸಲ ಯೋಚಿಸಬೇಕು. ಸೀಸ, ಕ್ರೋಮಿಯಂನಂಥ ಲೋಹಗಳು ಬೇಯಿಸಿದರೆ ಹೋಗುವಂಥವಲ್ಲ. ಬಿಡಲೂ ಆಗದ, ತಿನ್ನಲೂ ಆಗದ ಮೀನು ಇದು. ಮೇಲಾಗಿ ಹಲವು ಕೆರೆಗಳ ಮೀನುಗಾರಿಕೆ ಹಕ್ಕನ್ನು ಗುತ್ತಿಗೆಗೆ ಕೊಡಲಾಗುತ್ತದೆ. ಅಂಥಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವವನಿಗೆ ತಿನ್ನುವ ಹಕ್ಕೂ ಇಲ್ಲ, ಬಿಡುವ ಹಿರಿಮೆಯೂ ಇಲ್ಲ.

ಬಿಡುವುದಕ್ಕೂ ಒಂದು ಕ್ರಮವಿದೆ. ದೀರ್ಘಕಾಲ ಸೆಣಸಿದ ಮೀನಿನ ದೇಹದಲ್ಲಿ ಆಮ್ಲಾಂಶ ಏರಿ ಅದು ಈಜಲಾರದಷ್ಟು ಬಳಲುತ್ತದೆ. ನೀರು ಬೆಚ್ಚಗಿದ್ದಷ್ಟೂ ಬಳಲಿಕೆ ಹೆಚ್ಚು. ಚಿತ್ರಕ್ಕೆಂದು ಮೇಲೆತ್ತಿ ಹಿಡಿದ ಪ್ರತಿ ಕ್ಷಣವೂ ಅದಕ್ಕೆ ಉಸಿರುಕಟ್ಟುವ ಕ್ಷಣ. ಒಣಗಿದ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆಯ ಪದರ ಕಿತ್ತು ರೋಗ ತಗಲುತ್ತದೆ. ಒದ್ದೆ ಕೈ, ಮುಳ್ಳಿಲ್ಲದ ಕೊಕ್ಕೆ, ನೀರೊಳಗೇ ಕೊಕ್ಕೆ ಬಿಡಿಸುವುದು, ಪ್ರವಾಹಕ್ಕೆ ಮುಖ ಮಾಡಿ ಮೀನು ಚೇತರಿಸಿಕೊಳ್ಳುವವರೆಗೆ ಆಸರೆಯಾಗಿ ಹಿಡಿಯುವುದು: ಇಷ್ಟು ಮಾಡದೆ ಬಿಟ್ಟ ಮೀನು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಸತ್ತೀತು.

ಹಾಗಾದರೆ ಕಾವೇರಿಯಲ್ಲಿ ಮುಂದೇನು? ಗೂನುಬೆನ್ನಿನ ಮಹಶೀರ್ ಅನ್ನು ತಿನ್ನುವ ಮಾತಂತೂ ಇಲ್ಲ. ಮೋಜಿನ ಗಾಳವನ್ನು ಹಿಂದಿನಂತೆಯೇ ಮುಕ್ತವಾಗಿ ಬಿಡಬೇಕೆಂಬ ಬೇಡಿಕೆಯನ್ನೂ ಒಪ್ಪಲಾಗದು. ಆದರೆ ಕಾಯ್ದೆಯೊಳಗೇ ದಾರಿಯಿದೆ. ಅದರ 12ನೇ ವಿಧಿಯು ವೈಜ್ಞಾನಿಕ ಸಂಶೋಧನೆ ಮತ್ತು ನಿರ್ವಹಣೆಗಾಗಿ ವಿಶೇಷ ಅನುಮತಿ ನೀಡಲು ಅವಕಾಶ ಕೊಡುತ್ತದೆ. ಹಳೆಯ ಮಾರ್ಗದರ್ಶಕರನ್ನೂ ಆಯ್ದ ಗಾಳಗಾರರನ್ನೂ ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ ವರ್ಷದ ಗೊತ್ತಾದ ದಿನಗಳಲ್ಲಿ ಬಳಸಿಕೊಂಡು ಹೊಳೆಯ ಗಣತಿ ಮಾಡಿಸಬಹುದು. ಹೊನ್ನಿನ ಬಣ್ಣದ್ದು ಸಿಕ್ಕರೆ ಗುರುತು ಹಾಕಿ ಬಿಡುವುದು, ನೀಲಿ ರೆಕ್ಕೆಯದನ್ನು ಏನು ಮಾಡಬೇಕೆಂದು ವಿಜ್ಞಾನಿಗಳೇ ನಿರ್ಧರಿಸುವುದು. ಅದಕ್ಕೆ ಬೇಕಾದ ಹಣ ಆನೆ ಕಂದಕಕ್ಕೆ ಖರ್ಚಾಗುವುದರ ಮುಂದೆ ಏನೂ ಅಲ್ಲ.

ಅವಸರ ಏಕೆಂದರೆ, 67 ಟಿಎಂಸಿಯ ಮೇಕೆದಾಟು ಜಲಾಶಯದ ಪ್ರಸ್ತಾವವಿರುವುದೂ ಇದೇ ಹೊಳೆಯ ಮೇಲೆ. ಹರಿಯುವ ನೀರಿನ ಮೀನಿಗೆ ನಿಂತ ನೀರು ಮನೆಯಾಗದು. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಬೆಂಗಳೂರಿಗೆ ತರಬಲ್ಲದು. ಹೊಳೆಯಲ್ಲಿ ಎಷ್ಟು ಮೀನಿದೆ ಎಂಬ ಲೆಕ್ಕವಿಲ್ಲದೆ ಎಷ್ಟು ನಷ್ಟವಾದೀತೆಂದು ಯಾವ ಪರಿಸರ ವರದಿಯೂ ಹೇಳಲಾರದು. ಗಾಳಿಬೋರೆಯ ಗಾಳಗಾರರು ಬರೆದಿಟ್ಟ ಲೆಕ್ಕ 2012ಕ್ಕೆ ನಿಂತಿದೆ.