ಹುಗ್ಗಿಗೆ ಬೆಲ್ಲ ಯಾವಾಗ?

ಕಲಬುರಗಿ ಸೀಮೆಯಲ್ಲಿ ಮದುವೆ, ಜಾತ್ರೆ, ದಾಸೋಹ ಎಂದರೆ ಗೋಧಿ ಹುಗ್ಗಿ ನೆನಪಾಗುತ್ತದೆ. ಐವಾನ್-ಎ-ಶಾಹಿ ಪ್ರದೇಶದ ಮನೆಗಳಲ್ಲಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಾಗಲಿ ಇದರ ಪಾಠ ಪುಸ್ತಕದಿಂದ ಬಂದದ್ದಲ್ಲ. ಅವ್ವನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಒಲೆಯ ಮುಂದೆಯೇ ಬಂದದ್ದು.

ಚೀನೀಯರ ಮನೆಗಳಲ್ಲೂ ಇಂಥದೊಂದು ಸಿಹಿ ಇದೆ. ಹೊಸ ವರ್ಷಕ್ಕೆ ಅಂಟಕ್ಕಿ ಬೇಯಿಸಿ, ಸಕ್ಕರೆ ಬೆರೆಸಿ, ಕೆಂಪು ಕಾಳಿನ ಹೂರಣ ತುಂಬಿ, ಒಣಹಣ್ಣು ಇಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಹೆಸರು ಬಾಬಾವ್ ಫಾನ್, ಅಂದರೆ ಎಂಟು ರತ್ನಗಳ ಅನ್ನ.

ಎರಡರ ಅಂಟಿಗೂ ಕಾರಣ ಪಿಷ್ಟ. ಪಿಷ್ಟದಲ್ಲಿ ಎರಡು ಬಗೆ: ನೇರ ಸರಪಳಿಯಂಥ ಅಮೈಲೋಸ್, ಕವಲೊಡೆದ ಮರದಂಥ ಅಮೈಲೋಪೆಕ್ಟಿನ್. ಅಂಟಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆಂದೊಡನೆ ಅಂಟುತ್ತದೆ. ಗೋಧಿಯ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗ. ಮೇಲೆ ಗಟ್ಟಿ ಹೊಟ್ಟು ಬೇರೆ. ಹಾಗಾದರೆ ಹುಗ್ಗಿ ಅಂಟುವುದು ಹೇಗೆ?

ಉತ್ತರ ನಮ್ಮ ಹೆಂಗಸರ ಕೈಯಲ್ಲಿತ್ತು. ಗೋಧಿಗೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿದರೆ ಹೊಟ್ಟು ಬಿಡುತ್ತದೆ, ನೀರು ಒಳಗಿಳಿಯಲು ದಾರಿಯಾಗುತ್ತದೆ. ನೆನೆಸಿ ಬೇಯಿಸಿದಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಕಾಳು ಒಡೆದು, ಪಿಷ್ಟ ಹೊರಬಂದು, ತಿರುವಿದಂತೆಲ್ಲ ಹುಗ್ಗಿ ಕೂಡಿಕೊಳ್ಳುತ್ತದೆ.

ಇಲ್ಲಿಯೇ ಅಜ್ಜಿಯರ ಎಚ್ಚರಿಕೆ: "ಗೋಧಿ ಬೆಂದ ಮ್ಯಾಲ ಬೆಲ್ಲ ಹಾಕವ್ವ." ಬೆಲ್ಲದ ಸಕ್ಕರೆ ನೀರನ್ನು ತನ್ನತ್ತ ಹಿಡಿದುಕೊಳ್ಳುತ್ತದೆ. ಪಿಷ್ಟಕ್ಕೆ ನೀರು ಸಾಲದೆ, ಅದು ಉಬ್ಬಲು ಇನ್ನೂ ಹೆಚ್ಚು ಬಿಸಿ ಬೇಕಾಗುತ್ತದೆ. ಅವಸರಪಟ್ಟು ಮೊದಲೇ ಬೆಲ್ಲ ಸುರಿದರೆ ಗಂಟೆಗಟ್ಟಲೆ ಕುದಿಸಿದರೂ ಕಾಳು ಹಲ್ಲಿಗೆ ಗಟ್ಟಿ. ಬೆಲ್ಲ ಕರಗಿದ ಮೇಲೆ ಗಸಗಸೆ, ಒಣಕೊಬ್ಬರಿ, ಯಾಲಕ್ಕಿ. ಬಡಿಸುವಾಗ ಮೇಲೆ ತುಪ್ಪ.

ಮರುದಿನ ಹುಗ್ಗಿ ಬಿಗಿದುಕೊಳ್ಳುವುದೂ ಕೆಟ್ಟಿದ್ದಕ್ಕಲ್ಲ. ತಣಿದಾಗ ಅಮೈಲೋಸ್ ಸರಪಳಿಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಿಸಿ ಹಾಲು ಹಾಕಿ ಕಾಯಿಸಿದರೆ ಸಡಿಲವಾಗುತ್ತದೆ.

ಈಗ ಕುಟ್ಟಿದ ಗೋಧಿ ಅಂಗಡಿಯಲ್ಲಿ ಸಿಗುತ್ತದೆ, ಕುಕ್ಕರ್ ಮನೆಮನೆಗೆ ಬಂದಿದೆ. ಒರಳು ಮೂಲೆ ಸೇರಿದ್ದಕ್ಕೆ ಅಳಬೇಕಿಲ್ಲ. ಕುಟ್ಟಿ ನೋಯುತ್ತಿದ್ದ ರಟ್ಟೆಗಳಿಗೆ ಬಿಡುವು ಸಿಕ್ಕಿತು. ಆದರೆ ಆ ರಟ್ಟೆಯ ಜೊತೆಗಿದ್ದ ತಿಳಿವಳಿಕೆ? ಅಜ್ಜಿಯ ಅಳತೆ ಹಿಡಿ, ಬೊಗಸೆ, ಅಂದಾಜು. ಕಾಳು ಬೆರಳಲ್ಲಿ ಒತ್ತಿ ನೋಡುವುದೇ ಅವಳ ಪರೀಕ್ಷೆ. ಅದು ಯಾವ ನೋಟುಪುಸ್ತಕದಲ್ಲೂ ಇಲ್ಲ. ಬರುವ ಹಬ್ಬಕ್ಕೆ ಮಕ್ಕಳನ್ನು, ಗಂಡುಮಕ್ಕಳನ್ನೂ, ಒಲೆಯ ಹತ್ತಿರ ಕೂರಿಸಿ. ಆ ಬೊಗಸೆಯನ್ನು ಒಮ್ಮೆ ತೂಗಿ ಬರೆದಿಡಲಿ. ಅಜ್ಜಿ ಇರುವಾಗಲೇ ಆಗಬೇಕಾದ ಕೆಲಸವಿದು.