ಬಾಡಿಗೆ ಜಗಲಿಯ ಮಾತು ಸಾಕು

ಮುಂಬಯಿಯ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಇತ್ತೀಚೆಗೆ ನಾನೊಂದು ಸಲಹೆ ಇಟ್ಟೆ: ಸಂಘಕ್ಕೆ ತನ್ನದೇ ಆದ ಸಾಮಾಜಿಕ ಜಾಲತಾಣ ಬೇಕು. "ಊರಿಗೆಲ್ಲ ಸಾಲುವುದು ನಮಗೇಕೆ ಸಾಲದು? ಅದೂ ಪುಕ್ಕಟೆ ಸಿಗುತ್ತಿರುವಾಗ!" ಎಂದು ಹಿರಿಯ ಸದಸ್ಯರೊಬ್ಬರು ನಕ್ಕರು. ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಮಾತು ತುಸು ಕಟುವಾದರೆ ಓದುಗರು ಮನ್ನಿಸಬೇಕು.

ಪುಕ್ಕಟೆಯ ಬೆಲೆ ಏನೆಂಬುದನ್ನು ನಾವು ಕಂಡಿದ್ದೇವೆ. ಮೂರು ವರ್ಷಗಳ ಹಿಂದೆ, ದೊಡ್ಡ ಕಂಪನಿಯೊಂದರ ತಾಣದಲ್ಲಿದ್ದ ನಮ್ಮ ಸಂಘದ ಪುಟ ಒಂದು ಬೆಳಿಗ್ಗೆ ಕಾಣೆಯಾಯಿತು. ಒಂಬತ್ತು ವರ್ಷಗಳ ರಾಜ್ಯೋತ್ಸವದ ಚಿತ್ರಗಳು, ಈಗ ನಮ್ಮೊಡನಿಲ್ಲದ ಇಬ್ಬರು ಹಿರಿಯರ ಉಪನ್ಯಾಸಗಳು, ಎಲ್ಲವೂ ಹೋದವು. ಮನವಿ ಸಲ್ಲಿಸೋಣವೆಂದರೆ ಕಚೇರಿಯಿಲ್ಲ, ಗುಮಾಸ್ತನಿಲ್ಲ, ತಟ್ಟಲು ಬಾಗಿಲೂ ಇಲ್ಲ. ಬಂದದ್ದು ಯಂತ್ರ ಬರೆದ ನಾಲ್ಕು ಸಾಲಿನ ಇಂಗ್ಲಿಷ್ ಉತ್ತರ. 1926ರಲ್ಲಿ ಈ ನಗರದಲ್ಲಿ ಮೈಸೂರು ಅಸೋಸಿಯೇಷನ್ ಸ್ಥಾಪಿಸಿದವರು, ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ತೆರೆದವರು ನಮ್ಮ ಪೂರ್ವಿಕರು. ಸ್ವಂತ ಸೂರಿಗಾಗಿ ವಂತಿಗೆ ಎತ್ತಿದ ಆ ಪೀಳಿಗೆಯ ವಾರಸುದಾರರಾದ ನಾವು ನಮ್ಮ ನೆನಪುಗಳನ್ನು ಪರರ ಜಗಲಿಯಲ್ಲಿಟ್ಟು ನಿಶ್ಚಿಂತರಾಗಿದ್ದೇವೆ!

ಇದು ನಮ್ಮೊಬ್ಬರ ದುರದೃಷ್ಟವಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. ಯಾಹೂ ಗ್ರೂಪ್ಸ್ 2020ರಲ್ಲಿ. 2022ರ ಅಕ್ಟೋಬರಿನಲ್ಲಿ ಟ್ವಿಟರ್ 4,400 ಕೋಟಿ ಡಾಲರಿಗೆ ಎಲಾನ್ ಮಸ್ಕ್ ಅವರ ವಶವಾಯಿತು. ಒಳಗೆ ಜನರಿರುವಂತೆಯೇ ಮನೆ ಮಾರಾಟವಾಯಿತು. ಬಾಡಿಗೆದಾರರನ್ನು ಯಾರೂ ಕೇಳಲಿಲ್ಲ.

"ಹಾಗಾದರೆ ಸ್ವದೇಶಿ ತಾಣ ಸೇರೋಣ" ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಮಾತನಾಡಿದ 'ಕೂ' 2024ರ ಜುಲೈಯಲ್ಲಿ ಬಾಗಿಲು ಮುಚ್ಚಿತು. ಮಾಲೀಕ ನಮ್ಮವನಾದ ಮಾತ್ರಕ್ಕೆ ಬಾಡಿಗೆ ಮನೆ ಸ್ವಂತದ್ದಾಗುವುದಿಲ್ಲ. ಪ್ರಶ್ನೆ ಒಡೆಯನ ನಾಡು ಯಾವುದೆಂಬುದಲ್ಲ. ಒಬ್ಬನೇ ಒಡೆಯನಿರಬೇಕೆ ಎಂಬುದು.

ವಿಕೇಂದ್ರೀಕರಣ ಕನ್ನಡಿಗರಿಗೆ ಹೊಸ ಮಾತಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಬಂದಾಗ, ಅಬ್ದುಲ್ ನಜೀರ್ ಸಾಬರ ಹೆಸರಿನೊಡನೆ ಅದು ಹಳ್ಳಿಗಳನ್ನೂ ತಲುಪಿತ್ತು. ಜಾಲದಲ್ಲಿಯೂ ಅದೇ ತತ್ತ್ವ. ಒಂದು ಕಂಪನಿಯ ಇ-ಮೇಲ್ ವಿಳಾಸದಿಂದ ಇನ್ನೊಂದರ ವಿಳಾಸಕ್ಕೆ ಪತ್ರ ಹೋಗುವುದಿಲ್ಲವೆ? ಎರಡಕ್ಕೂ ಸಮಾನವಾದ ನಿಯಮಾವಳಿಯಿದೆ, ಅಷ್ಟೆ. ಸಾಮಾಜಿಕ ತಾಣಗಳಿಗೂ ಅಂಥದೊಂದು ನಿಯಮಾವಳಿ, 'ಆಕ್ಟಿವಿಟಿಪಬ್', 2018ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಮಾನ್ಯತೆ ಪಡೆಯಿತು. ಜರ್ಮನಿಯ ಆಯ್ಗನ್ ರೋಕೊ 2016ರಲ್ಲಿ ಹೊರತಂದ 'ಮಾಸ್ಟೊಡಾನ್' ಅದನ್ನು ಅನುಸರಿಸುತ್ತದೆ. ಅದರ ತಂತ್ರಾಂಶ ಮುಕ್ತ. ಯಾರೂ ತಮ್ಮ ಸರ್ವರಿನಲ್ಲಿ ನಡೆಸಬಹುದು, ತಿದ್ದಿಕೊಳ್ಳಬಹುದು. ಮುಂಬಯಿ, ಚೆನ್ನೈ, ದೆಹಲಿಯ ಸಂಘಗಳು ತಂತಮ್ಮ ತಾಣವನ್ನು ತಂತಮ್ಮ ನಿಯಮಗಳೊಡನೆ ನಡೆಸಬಹುದು. ಆದರೂ ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ಉತ್ತರಿಸಬಹುದು.

2019ರ ನವೆಂಬರಿನಲ್ಲಿ, ಹಿರಿಯ ವಕೀಲ ಸಂಜಯ ಹೆಗ್ಡೆಯವರ ಟ್ವಿಟರ್ ಖಾತೆಯ ಅಮಾನತನ್ನು ಪ್ರತಿಭಟಿಸಿ ಅನೇಕ ಭಾರತೀಯರು ಮಾಸ್ಟೊಡಾನಿಗೆ ಹೋದರು. ಹೋದವರಲ್ಲಿ ನಾನೂ ಒಬ್ಬ; ಕೆಲವೇ ವಾರಗಳಲ್ಲಿ ಹಿಂತಿರುಗಿದವರಲ್ಲಿಯೂ ಒಬ್ಬ. ಸ್ನೇಹಿತರೆಲ್ಲ ಹಳೆಯ ಮನೆಯಲ್ಲೇ ಉಳಿದಿದ್ದರು. ಒಬ್ಬೊಬ್ಬರೇ ಹೋದರೆ ಊರು ಕಟ್ಟಲಾಗದು. ಸಂಘಗಳು ಹೋದರೆ ಕಟ್ಟಬಹುದು. ಜನರನ್ನು ಕೂಡಿಸುವುದೇ ಸಂಘದ ಕಸುಬಲ್ಲವೆ?

ತೊಡಕುಗಳನ್ನು ಮುಚ್ಚಿಡಲಾರೆ. ಸರ್ವರಿಗೆ ತಿಂಗಳ ಬಾಡಿಗೆ ತೆರಬೇಕು. ಕೊಳಕು ಬರಹಗಳನ್ನು ತೆಗೆಯಲು ತಾಳ್ಮೆಯ ಜನ ಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ದೂರು ಆಲಿಸುವ ಅಧಿಕಾರಿಯೊಬ್ಬರನ್ನು ಹೆಸರಿಸಬೇಕು. ಮಾಸ್ಟೊಡಾನಿನಲ್ಲಿ ಖಾತೆ ಸ್ಥಳಾಂತರಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಆದ್ದರಿಂದ ನಕಲು ಕಾಪಾಡುವ ಶಿಸ್ತು ಅನಿವಾರ್ಯ. ಬರಹವನ್ನೂ ಹೊತ್ತೊಯ್ಯುವ ಏರ್ಪಾಡು 'ಬ್ಲೂಸ್ಕೈ'ಯ ನಿಯಮಾವಳಿಯಲ್ಲಿದೆಯಾದರೂ, ಅಲ್ಲಿನ ಬಹುಪಾಲು ಜನ ಇಂದಿಗೂ ಅದೇ ಕಂಪನಿಯ ಸರ್ವರುಗಳಲ್ಲಿದ್ದಾರೆ. ಹೆಸರಿಗೆ ವಿಕೇಂದ್ರೀಕರಣವಾದರೆ ಸಾಲದು. ಬೀಗದ ಕೈ ನಮ್ಮಲ್ಲಿರಬೇಕು.

ಆದರೆ ಈ ತೊಡಕುಗಳು ನಮ್ಮ ಹಿರಿಯರು ಎದುರಿಸಿದವಕ್ಕಿಂತ ದೊಡ್ಡವೆ? ಪುಣೆ, ಹೈದರಾಬಾದುಗಳಲ್ಲಿ ಹಗಲೆಲ್ಲ ಪರರ ತಾಣಗಳನ್ನು ಕಟ್ಟುವ ನಮ್ಮ ಯುವಕ ಯುವತಿಯರನ್ನು ನಾವು ರಾಜ್ಯೋತ್ಸವದ ದಿನ ಕುರ್ಚಿ ಜೋಡಿಸಲು ಮಾತ್ರ ಕರೆಯುತ್ತೇವೆ. ಅವರ ವಿದ್ಯೆಯನ್ನೂ ಕೇಳೋಣ. ಇಂಗ್ಲಿಷ್ ಬಾರದ ತಾಯಂದಿರಿಗೂ ಸಲೀಸಾಗುವ ಕನ್ನಡ ತಾಣವನ್ನು ಅವರು ರೂಪಿಸಲಿ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ, ಪೆಂಡಾಲಿಗೂ ಹಾರತುರಾಯಿಗಳಿಗೂ ಹಣ ಮಂಜೂರು ಮಾಡುವ ಮುನ್ನ, ಈ ಕೆಲಸಕ್ಕೆ ಅಯವ್ಯಯದಲ್ಲಿ ಒಂದು ಸಾಲು ಇರಲಿ. ಅಂದು ನಕ್ಕ ಹಿರಿಯರೇ ಆ ಠರಾವನ್ನು ಅನುಮೋದಿಸಬೇಕೆಂಬುದು ನನ್ನ ವಿನಂತಿ. ಕಾಣೆಯಾದ ಉಪನ್ಯಾಸಗಳಲ್ಲಿ ಒಂದು ಅವರ ಅಣ್ಣನದು.