ಗುಡಿಸು, ಗುಡಿಸಿರಿ

ಕ್ಯಾಲಿಫೋರ್ನಿಯದಲ್ಲಿ ಸಂಸಾರ ಹೂಡಿರುವ ನಮ್ಮ ಕಿರಿಯ ಮಗಳು ಕಳೆದ ತಿಂಗಳು ಒಂದು ಪಟ್ಟಿಯನ್ನು ಕಳುಹಿಸಿದ್ದಳು. ಅವಳ ಮನೆಯನ್ನು ಶುಚಿಮಾಡಲು ಬರುವ ಮೆಕ್ಸಿಕೋ ದೇಶದ ಹೆಂಗಸು ಸ್ಪ್ಯಾನಿಷ್ ಭಾಷೆಯೊಂದನ್ನೇ ಬಲ್ಲವಳು. ಆದುದರಿಂದ ಮಗಳು ಕೆಲವು ಮಾತುಗಳನ್ನು ಇಂಗ್ಲಿಷ್ ಅರ್ಥದೊಡನೆ ಬಾಯಿಪಾಠ ಮಾಡುತ್ತಿರುವಳಂತೆ. ‘ಬಾರ್ರಾ ಎಲ್ ಪೀಸೊ’ ಎಂದರೆ ನೆಲ ಗುಡಿಸುವುದು. ‘ಲಾವೆ ಲೋಸ್ ಪ್ಲಾತೋಸ್’ ಎಂದರೆ ತಟ್ಟೆ ತೊಳೆಯುವುದು. ‘ಸಾಕೆ ಲಾ ಬಸೂರಾ’ ಎಂದರೆ ಕಸ ಹೊರಹಾಕುವುದು. ವಾಚಕರಿಗೆ ಇದು ತೀರ ಅಪರಿಚಿತವಾದ ಭಾಷೆಯೆಂದು ತೋರಬೇಕಾಗಿಲ್ಲ. ಇದರ ಸೋದರಿಯಾದ ಪೋರ್ಚುಗೀಸಿನ ‘ಬಾಲ್ದೆ’ಯೇ ನಮ್ಮ ಕರಾವಳಿಯಲ್ಲಿ ‘ಬಾಲ್ದಿ’ಯಾಗಿ ನೀರು ತುಂಬುತ್ತಿದೆ.

ಮಗಳ ಸಂದೇಹವು ಬೇರೆ. ‘ಬಾರ್ರೆ’ ಎಂದೂ ‘ಬಾರ್ರಾ’ ಎಂದೂ ಎರಡು ರೂಪಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸ್ವೀಪ್’ ಎಂದೇ ಅರ್ಥ ಕೊಟ್ಟಿದೆ. ಯಾವುದನ್ನು ಹೇಳಬೇಕು?

ನಾವು ವ್ಯಾಕರಣವನ್ನು ತಿರುವಿ ನೋಡಿದೆವು. ಇಂಗ್ಲಿಷಿನ ‘ಯೂ’ ಶಬ್ದದಲ್ಲಿ ನೀನು, ನೀವು ಎಂಬ ಭೇದವಿಲ್ಲ, ಸ್ಪ್ಯಾನಿಷಿನಲ್ಲಿ ಉಂಟು. ‘ತೂ’ ಎಂದರೆ ನೀನು. ‘ಉಸ್ತೆದ್’ ಎಂದರೆ ತಾವು. ಈ ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ಹಳೆಯ ಗೌರವವಚನವೊಂದು ಸವೆದು ಆದ ರೂಪ. ಆ ಕಾರಣದಿಂದ ಅದರ ಕ್ರಿಯಾಪದವು ಪ್ರಥಮಪುರುಷದಲ್ಲಿರುತ್ತದೆ. ಸಂಸ್ಕೃತದಲ್ಲಿ ‘ತ್ವಂ ಗಚ್ಛ’ ಎಂದು ಹೇಳಿ, ಗೌರವಕ್ಕೆ ‘ಭವತೀ ಗಚ್ಛತು’ ಎನ್ನುವುದಿಲ್ಲವೆ? ಅದೇ ನಿಯಮ. ‘ಬಾರ್ರೆ’ ಎಂದರೆ ಗುಡಿಸು. ‘ಬಾರ್ರಾ’ ಎಂದರೆ ಗುಡಿಸಿರಿ.

“ಎರಡನೆಯದನ್ನೇ ಹೇಳು, ಮಗಳೆ. ಜೊತೆಗೆ ದಯವಿಟ್ಟು ಎಂಬರ್ಥದ ‘ಪೋರ್ ಫಾವೋರ್’ ಇರಲಿ, ಕೆಲಸ ಮುಗಿದಾಗ ‘ಗ್ರಾಸಿಯಾಸ್’ ಎಂದು ವಂದನೆ ಹೇಳುವುದನ್ನು ಮರೆಯಬೇಡ” ಎಂದು ಉತ್ತರ ಬರೆದೆವು.

ಬರೆದು ಮುಗಿಸುವಷ್ಟರಲ್ಲಿ ನಮ್ಮ ಮಲ್ಲತ್ತಹಳ್ಳಿಯ ಮನೆಗೆ ಕೆಲಸದಾಕೆ ಬಂದಳು. ರಾಯಚೂರಿನ ಕಡೆಯವಳು; ಐವತ್ತು ದಾಟಿದವಳು. ನಮ್ಮ ಪೊರಕೆಯು ಆಕೆಗೆ ಕಸಬರಿಗೆ. ನಮ್ಮ ಪಾತ್ರೆಯು ಆಕೆಗೆ ಭಾಂಡೆ. ನಮಗೆ ಆಕೆ ಹೇಳುವ ಪ್ರತಿಯೊಂದು ಮಾತಿನ ಕೊನೆಯಲ್ಲಿಯೂ ‘ರೀ’ ಇರುತ್ತದೆ. ನಾವಾದರೋ ಆರು ವರ್ಷಗಳಿಂದ ‘ಗುಡಿಸು’, ‘ಒರೆಸು’, ‘ತೊಳೆ’ ಎಂದೇ ಹೇಳುತ್ತ ಬಂದಿದ್ದೇವೆ. ಭವಚ್ಛಬ್ದವನ್ನು ಶಾಲೆಯಲ್ಲಿ ಮೂವತ್ತು ವರ್ಷ ಬೋಧಿಸಿದವರು ನಾವು. ಅಂಗಳದಲ್ಲಿ ಅದು ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ.

ಆ ದಿನ ಬಾಗಿಲಲ್ಲಿ ನಿಂತು, “ಮೊದಲು ಅಂಗಳ ಗುಡಿಸಿರಮ್ಮ” ಎಂದೆವು.

ಆಕೆ ಕಸಬರಿಗೆಯನ್ನು ಹಿಡಿದು, ತನ್ನ ಹಿಂದೆ ಯಾರು ಬಂದಿರುವರೆಂದು ತಿರುಗಿ ನೋಡಿದಳು.